ಕೋಳಿಯ ಬೆಲೆಯಲ್ಲಿ ನೀರಿನ ಪಾಲು

ಡಲ್ಲಾಸಿನ ನಮ್ಮ ಮನೆಯ ದಿನಸಿ ಖರ್ಚಿನಲ್ಲಿ ದೊಡ್ಡ ಪಾಲು ಮಾಂಸದ್ದು. ಭಾನುವಾರ ಕೋಳಿ ಸಾರು, ಮುದ್ದೆ ಆಗಲೇಬೇಕು. ವಾರದ ನಡುವೆ ಮಕ್ಕಳ ಡಬ್ಬಿಗೂ ಚಿಕನ್ ಬೇಕು. ಹಾಗಾಗಿ ಸೂಪರ್ ಮಾರ್ಕೆಟ್‌ಗಳು ತಮ್ಮದೇ ಹೆಸರು ಅಂಟಿಸಿ ಮಾರುವ ಚಿಕನ್ನನ್ನು, ಟೀವಿಯಲ್ಲಿ ಜಾಹೀರಾತು ಬರುವ ಬ್ರ್ಯಾಂಡುಗಳ ಪಕ್ಕದಲ್ಲಿಟ್ಟು ನೋಡುವುದು ನನಗೆ ಅಭ್ಯಾಸವಾಗಿದೆ. ಪೊಟ್ಟಣದ ಮೇಲಿನ ದೊಡ್ಡ ಹೆಸರನ್ನು ನಾನೀಗ ನೋಡುವುದಿಲ್ಲ. ಸಣ್ಣ ಅಕ್ಷರ ಓದುತ್ತೇನೆ.

ಮೊದಲು ಹುಡುಕುವುದು ನೀರಿನ ಲೆಕ್ಕ. ಅಮೆರಿಕದಲ್ಲಿ ಹೆಚ್ಚಿನ ಕಾರ್ಖಾನೆಗಳು ಕೊಯ್ದ ಕೋಳಿಯನ್ನು ಕೊರೆಯುವ ನೀರಿನಲ್ಲಿ ಮುಳುಗಿಸಿ ತಂಪು ಮಾಡುತ್ತವೆ. ಆಗ ಮಾಂಸದಲ್ಲಿ ಉಳಿದ ನೀರು ಶೇಕಡಾ ಎಷ್ಟೆಂದು ಲೇಬಲ್ಲಿನಲ್ಲಿ ತಿಳಿಸಬೇಕು. ಅದನ್ನಾದರೂ ಒಪ್ಪಬಹುದು. ಉಪ್ಪುನೀರನ್ನು ಸೂಜಿಯಲ್ಲಿ ಚುಚ್ಚಿ ತುಂಬಿದ ಮಾಂಸವೂ ಬರುತ್ತದೆ. ಅದರ ಮೇಲೆ 'ಶೇ 15ರವರೆಗೆ ದ್ರಾವಣ ಸೇರಿದೆ' ಎಂಬಂಥ ಸಾಲು ಇರುತ್ತದೆ. ಪೌಂಡಿಗೆ 2.60 ಡಾಲರ್ ಎಂದು ಅಗ್ಗವಾಗಿ ಕಾಣುವ ಅಂಥ ಚಿಕನ್ನಿನಲ್ಲಿ, ಪೂರ್ತಿ ಶೇ 15 ಸೇರಿಸಿದ್ದರೆ, ಬರೀ ಮಾಂಸಕ್ಕೆ ನೀವು ಕೊಟ್ಟದ್ದು 2.99 ಡಾಲರ್. ಪಕ್ಕದಲ್ಲೇ ಏನೂ ಸೇರಿಸದ ಚಿಕನ್ 2.89ಕ್ಕೆ ಸಿಗುತ್ತಿದ್ದರೆ ಅಗ್ಗದ್ದು ಅದೇ.

ಮನೆ ಹತ್ತಿರದ ಅಂಗಡಿಯೊಂದರ ಉಪ್ಪುನೀರು ತುಂಬಿದ ಎದೆಮಾಂಸವನ್ನು ಪೆಪ್ಪರ್ ಡ್ರೈಗೆಂದು ಬಾಣಲೆಗೆ ಹಾಕಿದಾಗ ಅದು ಹುರಿಯಲೇ ಇಲ್ಲ. ನೀರು ಬಿಟ್ಟುಕೊಂಡು ಬೆಂದು, ರಬ್ಬರಿನಂತಾಗಿ, ಮಸಾಲೆಯೆಲ್ಲ ತಳದಲ್ಲೇ ಉಳಿಯಿತು. ಮನೆಯಲ್ಲಿ ಬಿಪಿ ಇರುವವರಿದ್ದರೆ ಸೋಡಿಯಂ ಎಷ್ಟಿದೆಯೆಂದು ಓದದೆ ಇಂಥದ್ದನ್ನು ತರಲೇಬೇಡಿ.

ಇನ್ನೊಂದು ಗುರುತು ಅಮೆರಿಕದ ಕೃಷಿ ಇಲಾಖೆಯ ತಪಾಸಣೆ ಮುದ್ರೆ. ಜೊತೆಗೆ 'ಪಿ' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅದು ಕಾರ್ಖಾನೆಯ ಸಂಖ್ಯೆ. ಇಲಾಖೆಯ ಪಟ್ಟಿಯಲ್ಲಿ ಹುಡುಕಿದರೆ ಯಾರ ಕಾರ್ಖಾನೆ, ಯಾವ ಊರು ಎಂದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಅಂಗಡಿಗಳಿಗೆ ಸ್ವಂತ ಕೋಳಿ ಕಾರ್ಖಾನೆ ಇರುವುದಿಲ್ಲ, ಬೇರೆ ಕಂಪನಿಗಳಿಂದ ತರಿಸುತ್ತವೆ. ನೆಬ್ರಾಸ್ಕಾದ ಫ್ರೀಮಾಂಟಿನಲ್ಲಿ 2019ರಲ್ಲಿ ತನಗೆಂದೇ ಕಾರ್ಖಾನೆ ತೆರೆಸಿದ ಕಾಸ್ಟ್ಕೋ ಇದಕ್ಕೆ ಅಪವಾದ. ದುಬಾರಿ ಬ್ರ್ಯಾಂಡಿನಲ್ಲೂ ಅಂಗಡಿಯ ಬ್ರ್ಯಾಂಡಿನಲ್ಲೂ ಒಂದೇ ಸಂಖ್ಯೆ, ಒಂದೇ ಕಟ್, ಒಂದೇ ನೀರಿನ ಪ್ರಮಾಣ ಕಂಡರೆ ನಾನು ಯೋಚಿಸದೆ ಅಗ್ಗದ್ದನ್ನು ಎತ್ತಿಕೊಳ್ಳುತ್ತೇನೆ.

'ಹಾರ್ಮೋನ್ ಇಲ್ಲ' ಎಂಬ ಬರಹಕ್ಕಂತೂ ಒಂದು ಸೆಂಟ್ ಹೆಚ್ಚು ಕೊಡಬೇಡಿ. ಕೋಳಿಗೆ ಹಾರ್ಮೋನ್ ಕೊಡುವುದನ್ನು ಇಲ್ಲಿನ ಕಾನೂನೇ ನಿಷೇಧಿಸಿದೆ. ಹಾಗೆ ಬರೆದುಕೊಂಡವರು ಈ ನಿಷೇಧದ ವಿಷಯವನ್ನೂ ಜೊತೆಗೆ ಮುದ್ರಿಸಬೇಕು.

ಹೊಸತೊಡಕಿನ ಮಟನ್ ಮಾತು ಬೇರೆ. ಮೂಳೆ ಸಮೇತ ನಮ್ಮ ಸಾರಿಗೆ ಬೇಕಾದ ಹಾಗೆ ಕತ್ತರಿಸಿಕೊಡುವವರು ಹಲಾಲ್ ಅಂಗಡಿಯವರೇ. ಅಲ್ಲಿ ಎರಡು ಡಾಲರ್ ಹೆಚ್ಚಾದರೂ ನನಗೆ ಬೇಸರವಿಲ್ಲ.

ಇನ್ನು ನನ್ನ ತೀರ್ಮಾನ. ಸಾರಿಗೆ ಅಂಗಡಿ ಬ್ರ್ಯಾಂಡಿನ ಮೂಳೆ ಸಮೇತದ ತೊಡೆಮಾಂಸ ಧಾರಾಳವಾಗಿ ಸಾಕು: ರುಚಿಯೂ ಇದೆ, ಬೆಲೆಯೂ ಕಡಿಮೆ. ಹುರಿಯುವುದಕ್ಕೆ ನೀರಿನಲ್ಲಿ ಮುಳುಗಿಸದೆ ತಣ್ಣನೆಯ ಗಾಳಿಯಲ್ಲಿ ಆರಿಸಿದ 'ಏರ್ ಚಿಲ್ಡ್' ಚಿಕನ್ ತನ್ನಿ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕ. ಉಪ್ಪುನೀರು ತುಂಬಿದ್ದನ್ನು ಯಾವ ರಿಯಾಯಿತಿಯಲ್ಲಿ ಮಾರಿದರೂ ತರಬೇಡಿ.