ತುಕಾರಾಮರ ಪಾಲು, ತಮ್ಮನ ಪಾಲು

ಆಷಾಢದ ವಾರಿಯ, ಅಂದರೆ ಪಂಢರಪುರದ ಪಾದಯಾತ್ರೆಯ ಹೊತ್ತಿಗೆ ಪುಣೆಯ ನಾನಾ ಪೇಟೆ, ಭವಾನಿ ಪೇಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೇಹುವಿನಿಂದ ಸಂತ ತುಕಾರಾಮರ ಪಲ್ಲಕ್ಕಿ, ಆಳಂದಿಯಿಂದ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಇಲ್ಲಿ ತಂಗಿ ಪಂಢರಪುರದತ್ತ ಹೊರಡುತ್ತವೆ. ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದ ನಮಗೆ ಪಂಢರಪುರದ ವಿಠ್ಠಲ ಹೊಸಬನಲ್ಲ, ದಾಸರ ಪದಗಳಲ್ಲಿ ಅವನ ಹೆಸರು ಕೇಳುತ್ತಲೇ ಬೆಳೆದವರು ನಾವು.

ಈ ಯಾತ್ರೆ ನಡೆಯುವ ವಾರಕರಿಗಳನ್ನು ಮಾತಾಡಿಸಿದಾಗಲೆಲ್ಲ ಅವರ ಲೆಕ್ಕಾಚಾರ ನನ್ನ ಗಮನ ಸೆಳೆಯುತ್ತದೆ. ಮಳೆ ಬಿದ್ದಿದ್ದರೆ ಬಿತ್ತನೆ ಮುಗಿಸಿ, ದನಕ್ಕೆ ಮೇವು ಹೊಂದಿಸಿ, ಹೊಲವನ್ನು ಮಗನಿಗೆ ಒಪ್ಪಿಸಿ ಬಂದಿರುತ್ತಾರೆ. ಅನೇಕ ದಿಂಡಿಗಳಲ್ಲಿ (ಯಾತ್ರಿಕರ ತಂಡಗಳಲ್ಲಿ) ಊಟದ ಖರ್ಚಿಗೆ ಮೊದಲೇ ಹಣ ಕಟ್ಟಬೇಕು. ಮನೆಯ ವ್ಯವಸ್ಥೆ ಮಾಡಿಟ್ಟವರಿಗೆ ಮೂರು ವಾರ ನಿಶ್ಚಿಂತೆಯಿಂದ ನಡೆಯಲು ಸಾಧ್ಯವಾಗುತ್ತದೆ.

ಇದನ್ನು ಕಂಡಾಗ ತುಕಾರಾಮರ ಕಥೆಯೇ ನೆನಪಾಗುತ್ತದೆ. ಅವರ ಮನೆತನದ್ದು ಕಿರಾಣಿ ಮತ್ತು ಲೇವಾದೇವಿ. 1630ರ ಆಸುಪಾಸಿನ ಭೀಕರ ಬರದಲ್ಲಿ ವ್ಯಾಪಾರ ಮುಳುಗಿತು, ಮೊದಲ ಹೆಂಡತಿ ತೀರಿಕೊಂಡರು. ಆಮೇಲೆ ಅವರು ಸಾಲಪತ್ರಗಳನ್ನು ಇಂದ್ರಾಯಣಿ ನದಿಗೆ ಹಾಕಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ವಾರಕರಿ ಪರಂಪರೆ ಇನ್ನೊಂದು ಮಾತನ್ನೂ ಹೇಳುತ್ತದೆ: ಪತ್ರಗಳನ್ನು ಎರಡು ಪಾಲು ಮಾಡಿ, ತಮ್ಮ ಕಾನ್ಹೋಬಾನ ಪಾಲನ್ನು ಅವನ ಕೈಗಿತ್ತು, ತನ್ನ ಪಾಲನ್ನಷ್ಟೇ ನೀರಿಗೆ ಬಿಟ್ಟರು. ಹಣ ಮತ್ತು ಅಧ್ಯಾತ್ಮದ ಬಗ್ಗೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಇದು. ತನ್ನದಲ್ಲದ್ದನ್ನು ತ್ಯಾಗ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೂ ಎರಡನೆಯ ಹೆಂಡತಿ ಆವಲಿ ಸಂಸಾರ ತೂಗಿಸಲು ಪಟ್ಟ ಪಾಡನ್ನು ದೇಹು ಇಂದಿಗೂ ನೆನೆಯುತ್ತದೆ, ಅದನ್ನೂ ಮರೆಯಬಾರದು.

ನಮ್ಮ ಮನೆಯಲ್ಲಿ ಈ ಪಾಠವನ್ನು ಹೀಗೆ ಪಾಲಿಸುತ್ತೇವೆ. ಅಮ್ಮನ ಔಷಧಿ, ಮಗಳ ಫೀಸು, ಆರು ತಿಂಗಳ ಖರ್ಚಿನ ಠೇವಣಿ, ಟರ್ಮ್ ವಿಮೆ ಇವೆಲ್ಲ ಮನೆಯವರ ಪಾಲು, ಅದಕ್ಕೆ ಕೈ ಹಚ್ಚುವಂತಿಲ್ಲ. ಉಳಿದದ್ದರಲ್ಲಿ ದಾನಕ್ಕೆಂದೇ ಬೇರೆ ಖಾತೆ ಇದೆ, ಸಂಬಳವಾದ ದಿನವೇ ಅದಕ್ಕೆ ಹಣ ಹೋಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ ವಿನಾಯಿತಿ ಇಲ್ಲ. ಇಲ್ಲದಿದ್ದರೇನಂತೆ, ಕೊಡುವುದನ್ನು ನಿಲ್ಲಿಸಿಲ್ಲ. ಸಾಲ ಮಾಡಿ ತೀರ್ಥಯಾತ್ರೆಗೆ ಹೋಗುವುದು, ಕಂತಿನಲ್ಲಿ ಧ್ಯಾನ ಶಿಬಿರ ಸೇರುವುದು ನನಗೆ ಒಪ್ಪಿಗೆಯಿಲ್ಲ. ಮನಸ್ಸು ಹಗುರಾಗಲಿ ಎಂದು ಹೋದವರು ತಲೆ ಮೇಲೆ ಬಡ್ಡಿ ಹೊತ್ತು ಬರುತ್ತಾರೆ.

ಸಾಲದ ಬಗೆಗಿನ ಇದೇ ಎಚ್ಚರ ಮನೆ ಕೊಳ್ಳುವಾಗಲೂ ಇತ್ತು. ಗೆಳೆಯರೆಲ್ಲ ಪುಣೆಯ ವಾಕಡದಲ್ಲಿ ಎರಡನೆಯ ಫ್ಲ್ಯಾಟ್ ಕೊಂಡಾಗ ನಾವೂ ಲೆಕ್ಕ ಹಾಕಿದ್ದೆವು. 60 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 52,000 ರೂಪಾಯಿ, ಬಡ್ಡಿಯೇ ಸುಮಾರು 65 ಲಕ್ಷ. ಸಿಗುತ್ತಿದ್ದ ಬಾಡಿಗೆ ಕಂತಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಉಳಿದದ್ದನ್ನು ತುಂಬಲು ರಾತ್ರಿಯೂ ಕೆಲಸ ಹಿಡಿಯಬೇಕಿತ್ತು. ಹೆಂಡತಿ ಭಜನೆಗೆ, ನಾನು ಓದಿಗೆ ಇಟ್ಟುಕೊಂಡ ಸಂಜೆಗಳು ಬ್ಯಾಂಕಿನ ಪಾಲಾಗುತ್ತಿದ್ದವು. ಇರುವ ಒಂದು ಮನೆ ಸಾಕೆಂದು ಬಿಟ್ಟೆವು. ಇದು ತ್ಯಾಗವೇನಲ್ಲ, ನಮಗೆ ಬೇಕಾದದ್ದನ್ನು ನಾವು ಆರಿಸಿಕೊಂಡೆವು.

ದೇವರಿಗೆಂದು ಹಣ ತೆಗೆದಿಡುವವರಲ್ಲಿ ನನ್ನದೊಂದು ಕೋರಿಕೆ: ಅದಕ್ಕೂ ಮೊದಲು ಮನೆಯವರ ಜೊತೆ ಕೂತು, ಅವರವರ ಪಾಲೆಷ್ಟೆಂದು ಕೇಳಿ ಬರೆದಿಡಿ.