ನಮ್ಮ ಊರಿನ ಸುದ್ದಿ, ನಮ್ಮದೇ ರೇಡಿಯೋ



ರೇಡಿಯೋ ನಮಗೆಲ್ಲ ಗೊತ್ತು. ರೊಟ್ಟಿ ಬಡೀತಾ ಹಾಡು ಕೇಳ್ತೀವಿ. ಮಳೆ ಬರುತ್ತೋ ಇಲ್ಲವೋ ಅಂತ ಕಿವಿಗೊಡ್ತೀವಿ. ರೇಡಿಯೋ ಮಾತಾಡುತ್ತೆ, ನಾವು ಕೇಳ್ತೀವಿ.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ನಮ್ಮ ಕೆರೆ ಒಣಗಿತು. ತೊಗರಿಗೆ ಹುಳ ಬಿತ್ತು. ಇದು ರೇಡಿಯೋದಲ್ಲಿ ಯಾಕೆ ಬರೋದಿಲ್ಲ?"

ಒಳ್ಳೆಯ ಪ್ರಶ್ನೆ. ಇಂಥದೇ ಪ್ರಶ್ನೆಗೆ ತಾವೇ ಉತ್ತರ ಹುಡುಕಿದ ಹೆಂಗಸರಿದ್ದಾರೆ. ಅವರ ಕಥೆ ಓದೋಣ.

ಪಸ್ತಾಪುರದ ಹೆಂಗಸರು

ಬೀದರ್ ಜಿಲ್ಲೆಯ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅದರ ಹತ್ತಿರ ಪಸ್ತಾಪುರ ಎಂಬ ಊರಿದೆ. ಆ ಭಾಗದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಶುರುವಾಯಿತು. ಹಳ್ಳಿಹಳ್ಳಿಯಲ್ಲಿ ಬಡ ದಲಿತ ಹೆಂಗಸರು ಸಂಘ ಕಟ್ಟಿದರು. ಬೀಳು ಭೂಮಿ ಹದ ಮಾಡಿದರು.

ಜೋಳ, ಸಜ್ಜೆ, ನವಣೆ, ತೊಗರಿ ಒಂದೇ ಹೊಲದಲ್ಲಿ ಬೆರೆಸಿ ಬಿತ್ತಿದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಬೀಜವನ್ನು ಅಂಗಡಿಯಿಂದ ತರಲಿಲ್ಲ. ಮನೆಯಲ್ಲೇ ಕಾಪಾಡಿದರು.

ಈ ತಿಳಿವಳಿಕೆ ಪುಸ್ತಕದಲ್ಲಿ ಇರಲಿಲ್ಲ. ಹೆಂಗಸರ ತಲೆಯಲ್ಲಿತ್ತು. ಅವರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಅಜ್ಜಿ ಹೋದರೆ ಅಜ್ಜಿಯ ತಿಳಿವಳಿಕೆಯೂ ಅವಳ ಜೊತೆಗೇ ಹೋಗುತ್ತದೆ. ಅದು ಉಳಿಯಬೇಕು, ನಾಲ್ಕು ಊರಿಗೆ ತಲುಪಬೇಕು. ಅದಕ್ಕೆ ನಮ್ಮದೇ ರೇಡಿಯೋ ಬೇಕು ಎಂದರು.

ಹತ್ತು ವರ್ಷ ಕಾದರು

ಹಿಂದೆ ರೇಡಿಯೋ ನಡೆಸುವ ಹಕ್ಕು ಸರ್ಕಾರದ್ದು ಮಾತ್ರ. 1995ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಮಾತು ಹೊತ್ತು ಸಾಗುವ ಗಾಳಿಯ ಅಲೆಗಳು ಜನರ ಸ್ವತ್ತು ಎಂದಿತು.

1990ರ ದಶಕದ ಕೊನೆಗೆ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪಸ್ತಾಪುರದ ಕಡೆ ರೇಡಿಯೋ ಕೇಂದ್ರ ಸಿದ್ಧವಾಯಿತು. ಯಂತ್ರ ಇತ್ತು, ಪರವಾನಗಿ ಇರಲಿಲ್ಲ. ಹೆಂಗಸರು ಸುಮ್ಮನೆ ಕೂತರಾ? ಇಲ್ಲ. ಮಾತು, ಹಾಡು ಎಲ್ಲವನ್ನೂ ಕ್ಯಾಸೆಟ್ಟಿನಲ್ಲಿ ತುಂಬಿದರು. ಆ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು.

2002ರಲ್ಲಿ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ಹಳ್ಳಿಯ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಕೊನೆಗೆ 2008ರ ಅಕ್ಟೋಬರ್ 15ರಂದು 'ಸಂಗಂ ರೇಡಿಯೋ' ಮಾತಾಡಿತು. ಆ ದಿನ ಗ್ರಾಮೀಣ ಮಹಿಳೆಯರ ದಿನ. ಅದನ್ನು ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. 1995ರ ತೀರ್ಪು ಕೊಟ್ಟವರಲ್ಲಿ ಅವರೂ ಒಬ್ಬರು.

ರೇಡಿಯೋ ನಡೆಸಿದವರು ಅಲ್ಲಿನ ಹೆಣ್ಣುಮಕ್ಕಳೇ. ಇಬ್ಬರ ಹೆಸರೂ ನರಸಮ್ಮ! ಒಬ್ಬರನ್ನು ಜನರಲ್ ನರಸಮ್ಮ, ಇನ್ನೊಬ್ಬರನ್ನು ಅಲ್ಗೋಲೆ ನರಸಮ್ಮ ಅಂತ ಕರೆದರು. ಧ್ವನಿ ಹಿಡಿಯೋದು, ಬೇಡದ್ದನ್ನು ಕತ್ತರಿಸೋದು, ಜೋಡಿಸೋದು ಎಲ್ಲ ಕಲಿತರು.

ಯಾವುದು ಸುದ್ದಿ?

ಸಂಗಂ ರೇಡಿಯೋದಲ್ಲಿ ಏನು ಬಂತು? ಯಾವ ಮಳೆಗೆ ಯಾವ ಬೀಜ, ದನಕ್ಕೆ ರೋಗ ಬಂದರೆ ಏನು ಮಾಡಬೇಕು, ಹಬ್ಬದ ಅಡುಗೆ, ಬಿತ್ತನೆಯ ಹಾಡು. ಎಲ್ಲವೂ ಅವರು ಮನೆಯಲ್ಲಿ ಆಡುವ ತೆಲುಗಿನಲ್ಲೇ.

ಒಂದು ವಿಷಯ ನೆನಪಿಡಿ. ಇಂಥ ರೇಡಿಯೋಗಳು ರಾಜಕೀಯ ವಾರ್ತೆ ತಾವೇ ತಯಾರಿಸಿ ಹೇಳುವಂತಿಲ್ಲ. ಆದರೆ ಮಳೆ, ನೀರು, ಬೆಳೆ, ಆರೋಗ್ಯದ ಮಾತು ಹೇಳಬಹುದು. ನಮ್ಮ ಬದುಕು ನಿಂತಿರೋದೇ ಅದರ ಮೇಲೆ ಅಲ್ಲವೇ?

ನಮ್ಮ ಕರ್ನಾಟಕದಲ್ಲೂ ಹೀಗೆ ನಡೆದಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿತು. ಆಗ ಅವರಿಗೂ ಪರವಾನಗಿ ಇರಲಿಲ್ಲ. ತಂತಿ ಎಳೆದು ಮನೆಮನೆಗೆ ಮಾತು ಮುಟ್ಟಿಸಿದರು! 2024ರ ಹೊತ್ತಿಗೆ ದೇಶದಲ್ಲಿ ಸುಮಾರು 500 ಸಮುದಾಯ ರೇಡಿಯೋಗಳಿದ್ದವು.

ಆ ಅಕ್ಕನಿಗೆ ನಮ್ಮ ಉತ್ತರ ಇಷ್ಟು: ನಮ್ಮ ಕೆರೆಯ ಸುದ್ದಿಯನ್ನು ಬೇರೆಯವರು ಬಂದು ಹೇಳಲಿ ಅಂತ ಕಾಯೋದು ಬೇಡ. ಒಬ್ಬರೇ ಕೇಳಿದರೆ ಪರವಾನಗಿ ಸಿಗೋದಿಲ್ಲ. ಲಾಭಕ್ಕಾಗಿ ನಡೆಯದ, ನೋಂದಣಿಯಾಗಿ ಮೂರು ವರ್ಷ ಕೆಲಸ ಮಾಡಿದ ಸಂಸ್ಥೆ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಬೇಕಾದದ್ದು ಸಂಘ. ಒಗ್ಗಟ್ಟು ಇದ್ದರೆ ದನಿ ತಾನಾಗಿ ಬರುತ್ತದೆ.

ಹೊಸ ಪದಗಳು
ಪರವಾನಗಿ – ಸರ್ಕಾರದ ಒಪ್ಪಿಗೆ
ತೀರ್ಪು – ನ್ಯಾಯಾಲಯದ ತೀರ್ಮಾನ
ಸಮುದಾಯ – ಒಂದು ಕಡೆ ಬಾಳುವ ಜನ

ಮಾತಾಡೋಣ
1. ಪಸ್ತಾಪುರದ ಹೆಂಗಸರಿಗೆ ತಮ್ಮದೇ ರೇಡಿಯೋ ಯಾಕೆ ಬೇಕಾಯಿತು?
2. ಪರವಾನಗಿ ಸಿಗುವ ಮುಂಚೆ ಅವರು ಏನು ಮಾಡಿದರು?
3. ನಿಮ್ಮ ಊರಿನಲ್ಲಿ ಈಗ ಬಿತ್ತದೆ ಬಿಟ್ಟ ಬೀಜ ಯಾವುದು? ಹಿರಿಯರನ್ನು ಕೇಳಿ, ಹೆಸರು ಬರೆದು ತನ್ನಿ.