ಎಸ್‌ಡಿಎಂಸಿ ಸಭೆಗೆ ಅರ್ಧ ದಿನ ರಜೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ಬಂಗಾರಪೇಟೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಒಂದು ಸಂಜೆ ಪಕ್ಕದ ಬೀದಿಯ ಹುಡುಗ ಉದ್ದನೆಯ ಒಂದು ರಿಜಿಸ್ಟರ್ ಹಿಡ್ಕೊಂಡು ಬಂದ. "ಆಂಟಿ, ಮೇಷ್ಟ್ರು ಸೈನ್ ಹಾಕಿಸ್ಕೊಂಡು ಬಾ ಅಂದ್ರು." ಚಿಕ್ಕಮ್ಮ ಆಗಷ್ಟೇ ಫ್ಯಾಕ್ಟರಿ ಬಸ್ ಇಳಿದು ಬಂದು ಕಾಲು ತೊಳೀತಿದ್ರು. ಕೈ ಒರೆಸಿಕೊಂಡು, "ಎಲ್ಲಿ ಹಾಕ್ಬೇಕೋ?" ಅಂತ ಕೇಳಿ, ಹುಡುಗ ಬೆರಳಿಟ್ಟ ಕಡೆ ಸೈನ್ ಹಾಕಿದ್ರು.

ಅದು ಅವರ ಮಗಳ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ನಡಾವಳಿ ಪುಸ್ತಕ. ನಾನು ಇಣುಕಿ ನೋಡಿದೆ. ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸೋದಕ್ಕೆ "ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು" ಅಂತ ಬರೆದಿತ್ತು. ಕೆಳಗೆ ಹಾಜರಿದ್ದ ಸದಸ್ಯರ ಹೆಸರು. ಅದರಲ್ಲಿ ಚಿಕ್ಕಮ್ಮನ ಹೆಸರೂ ಇತ್ತು.

"ಚಿಕ್ಕಮ್ಮ, ಇದನ್ನ ಓದಲ್ವಾ ನೀವು?"

"ಏನಿರುತ್ತಮ್ಮ ಅದ್ರಲ್ಲಿ, ಮೀಟಿಂಗ್ ಆಯ್ತು ಅಂತಿರುತ್ತೆ. ನಾನು ಹೋಗಿದ್ರೆ ತಾನೆ ಗೊತ್ತಾಗೋದು."

ಅವರ ಮಗಳು ಐದನೇ ಕ್ಲಾಸು. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತೆ. ಹುಡುಗಿಯರ ಟಾಯ್ಲೆಟ್‌ನಲ್ಲಿ ನೀರು ಬರಲ್ಲ, ಅದಕ್ಕೆ ಇವಳು ನೀರೇ ಕುಡಿಯಲ್ಲ. ಈ ವಿಷಯ ಆ ಸಭೆಯಲ್ಲಿ ಹೇಳಬೇಕಾಗಿದ್ದವರು ಚಿಕ್ಕಮ್ಮ. ಸಭೆ ನಡೆದಾಗ ಅವರು ಹೆದ್ದಾರಿ ಪಕ್ಕದ ಒಂದು ಕಾರ್ಖಾನೆಯಲ್ಲಿ ಲೈನ್ ಮೇಲೆ ನಿಂತಿದ್ರು. ಮೇಷ್ಟ್ರ ಮೇಲೆ ನನಗೆ ಕೋಪ ಬಂತು ಅಂತ ಸುಳ್ಳು ಹೇಳಲ್ಲ. ಅವರಿಗೂ ಕೋರಂ ಆಗಬೇಕು, ಇಲ್ಲದಿದ್ದರೆ ಯಾವ ಕೆಲಸವೂ ಮುಂದೆ ಹೋಗಲ್ಲ. ಬರದವರ ಸೈನ್ ಮನೆಯಿಂದ ತರಿಸೋದು ಅವರು ಕಂಡುಕೊಂಡ ದಾರಿ.

ನನ್ನ ಹಾಗೆ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಸ್ಕೂಲಲ್ಲಿ ಓದಿದವರಿಗೆ ಎಸ್‌ಡಿಎಂಸಿ ಅಂದರೆ ಏನು ಅಂತಲೇ ಗೊತ್ತಿರಲ್ಲ. ನಮ್ಮಲ್ಲಿ ಪೇರೆಂಟ್ಸ್ ಮೀಟಿಂಗ್ ಅಂದರೆ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಬೈಸಿಕೊಳ್ಳೋ ಕಾರ್ಯಕ್ರಮ ಅಷ್ಟೇ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಆ ಥರದ್ದಲ್ಲ. ಇಲ್ಲಿ ಅಪ್ಪ ಅಮ್ಮಂದಿರೇ ಶಾಲೆಯನ್ನ ನೋಡಿಕೊಳ್ಳೋರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಶಾಲೆ ಹೇಗೆ ನಡೀತಿದೆ ಅಂತ ನೋಡೋದು, ಬಂದ ಅನುದಾನ ಎಲ್ಲಿ ಖರ್ಚಾಯ್ತು ಅಂತ ನೋಡೋದು, ಶಾಲಾಭಿವೃದ್ಧಿ ಯೋಜನೆ ಮಾಡೋದು ಇವರ ಕೆಲಸ. ಬಿಸಿಯೂಟದ ಮೇಲೂ ಕಣ್ಣಿಡಬೇಕು. ಬ್ಯಾಂಕ್ ಖಾತೆ ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಹೆಸರಲ್ಲಿರುತ್ತೆ. ಅಂದರೆ ಗಾರೆ ಕೆಲಸ ಮಾಡೋ ಒಬ್ಬ ಅಪ್ಪನ ಸೈನ್ ಇಲ್ಲದೆ ಚೆಕ್ ಪಾಸಾಗಲ್ಲ ಅಂತಲೂ ಆಗಬಹುದು. ನಮ್ಮ ಥರ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಕಲಂ ಅನ್ವಯ ಆಗಲ್ಲ. ಫೀಸ್ ಲಕ್ಷಗಟ್ಟಲೆ ಕಟ್ಟಿದ ನಮ್ಮಪ್ಪನಿಗೆ ಇಲ್ಲದ ಅಧಿಕಾರ ನಮ್ಮ ಚಿಕ್ಕಮ್ಮನಿಗಿದೆ!

ಕರ್ನಾಟಕದಲ್ಲಿ ಇದು ಕೇಂದ್ರದ ಕಾಯ್ದೆಗಿಂತ ಮೊದಲೇ ಬಂತು. ಭೌತವಿಜ್ಞಾನಿ ರಾಜಾ ರಾಮಣ್ಣ (ಪೋಖ್ರಾನ್ ಖ್ಯಾತಿಯ ಅದೇ ರಾಮಣ್ಣ) ಅಧ್ಯಕ್ಷರಾಗಿದ್ದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಎಸ್‌ಡಿಎಂಸಿ ರಚಿಸೋ ಆದೇಶ ಹೊರಡಿಸಿತು. ಈ ತಾರೀಕು ಓದಿದಾಗ ನನಗೆ ಕೆಜಿಎಫ್ ನೆನಪಾಯ್ತು. ಅಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಎರಡೇ ತಿಂಗಳ ಅಂತರ.

ಕೆಜಿಎಫ್ ಕಥೆ ಸಿನಿಮಾದಿಂದ ಮಾತ್ರ ಗೊತ್ತಿರೋರಿಗೆ ಸ್ವಲ್ಪ ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ಕ್ಕೆ ಶಿವನಸಮುದ್ರದಿಂದ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲೇ. 1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಂಡಿತು, 1972ರಲ್ಲಿ ಬಿಜಿಎಂಎಲ್ ಆಯ್ತು. ಅಲ್ಲಿ ಕಂಪನಿ ಅಂದರೆ ಸಂಬಳ ಕೊಡೋದು ಮಾತ್ರ ಅಲ್ಲ. ಮನೆ, ಆಸ್ಪತ್ರೆ, ನೀರು, ಕ್ಲಬ್ಬು, ಶಾಲೆ ಎಲ್ಲಾ ಕಂಪನಿದೇ. ಶಾಲೆಯ ಛಾವಣಿ ಸೋರಿದರೆ ಕಂಪನಿ ನೋಡಿಕೊಳ್ಳಬೇಕು. ಅದು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಸುರಂಗಕ್ಕೆ ಇಳಿಯೋ ಅಪ್ಪನಿಗೆ ಮಗನ ಶಾಲೆ ವಿಷಯದಲ್ಲಿ ಮಾತೂ ಇರಲಿಲ್ಲ. ಗಣಿ ಮುಚ್ಚಿದ ಮೇಲೆ ಕಂಪನಿ ಹೋಯ್ತು, ಅದೇ ವರ್ಷ ಸರ್ಕಾರ "ಶಾಲೆ ಈಗ ಪೋಷಕರದ್ದು" ಅಂತ ಕಾಗದದಲ್ಲಿ ಬರೆದುಕೊಟ್ಟಿತು. ಆದರೆ ಪೋಷಕರು ಊರಲ್ಲಿ ಎಲ್ಲಿದ್ದಾರೆ? ಕೆಲಸ ಹುಡುಕಿಕೊಂಡು ಮಾರಿಕುಪ್ಪಂ ರೈಲು ಹತ್ತಿದ್ದಾರೆ. ಇವತ್ತಿಗೂ ಬೆಳಗಾಗೋ ಮುಂಚೆ ಊರಿಗಾಂ, ಚಾಂಪಿಯನ್, ಕೋರಮಂಡಲ್, ಬಂಗಾರಪೇಟೆ ಸ್ಟೇಷನ್‌ಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ಹೊರಡ್ತಾರೆ, ರಾತ್ರಿ ವಾಪಸ್ ಬರ್ತಾರೆ. ಈಚೆಗೆ ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಕೆಲವರು ರೈಲಿನ ಬದಲು ಕಂಪನಿ ಬಸ್ ಹತ್ತುತ್ತಾರೆ. ಶಾಲೆ ನಡೆಯೋ ಹೊತ್ತಿನಲ್ಲಿ ಊರಲ್ಲಿ ಇರೋರು ಕಡಿಮೆ. ಸಭೆಯೋ, ಶಾಲೆ ನಡೆಯೋ ಹೊತ್ತಿನಲ್ಲೇ.

ಚಿಕ್ಕಮ್ಮನ್ನ ಕೇಳಿದೆ, "ಒಂದು ದಿನ ರಜೆ ಹಾಕಬಾರದಾ?"

"ಹಾಕ್ದೆ ಕಣೇ, ಮೊದಲನೇ ಮೀಟಿಂಗಿಗೆ. ಆ ದಿನದ ಸಂಬಳ ಹೋಯ್ತು. ಅದು ಹೋದ್ರೆ ಹೋಗ್ಲಿ, ತಿಂಗಳ ಅಟೆಂಡೆನ್ಸ್ ಬೋನಸ್ಸೂ ಕಟ್ ಆಯ್ತು. ನಿಮ್ ಚಿಕ್ಕಪ್ಪ ಮೂರು ದಿನ ಮಾತಾಡ್ಲಿಲ್ಲ."

ಅಟೆಂಡೆನ್ಸ್ ಬೋನಸ್ ಅಂದರೆ ತಿಂಗಳು ಪೂರ್ತಿ ಒಂದು ದಿನವೂ ತಪ್ಪಿಸದೆ ಬಂದವರಿಗೆ ಕೊಡೋ ದುಡ್ಡು. ಹಾಗಾಗಿ ಎರಡು ಗಂಟೆ ಸಭೆಗೆ ಹೋದರೆ ನಷ್ಟ ಒಂದು ದಿನದ ಸಂಬಳಕ್ಕಿಂತ ಜಾಸ್ತಿ. ಅವರು ಕಾಂಟ್ರಾಕ್ಟ್ ಮೇಲೆ ಇರೋದರಿಂದ ಯಾರನ್ನ ಕೇಳಬೇಕು ಅನ್ನೋದೂ ಗೊಂದಲ. ಸೂಪರ್‌ವೈಸರ್ ಕಂಪನಿಯವನು, ಸಂಬಳ ಕೊಡೋದು ಕಾಂಟ್ರಾಕ್ಟರ್. ಇವನು ಅವನ ಕಡೆ ಕೈ ತೋರಿಸ್ತಾನೆ, ಅವನು ಇವನ ಕಡೆ.

ಬೇರೆ ದೇಶದಲ್ಲಿ ಏನ್ಮಾಡ್ತಾರೆ ಅಂತ ಹುಡುಕಿದೆ. ಇಂಗ್ಲೆಂಡಿನಲ್ಲಿ ಇಂಥ ಸಮಿತಿಯ ಸದಸ್ಯರನ್ನ ಸ್ಕೂಲ್ ಗವರ್ನರ್ ಅಂತಾರೆ. ಅವರಿಗೂ ಸಂಬಳ ಇಲ್ಲ. ಆದರೆ ಅಲ್ಲಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 50ನೇ ಕಲಂ ಪ್ರಕಾರ, ಸರ್ಕಾರಿ ಶಾಲೆಯ ಗವರ್ನರ್ ಆಗಿರೋ ಕೆಲಸಗಾರರಿಗೆ ಆ ಕರ್ತವ್ಯಕ್ಕೆ ಬೇಕಾದಷ್ಟು ಬಿಡುವನ್ನ ಮಾಲೀಕರು ಕೊಡಲೇಬೇಕು. ಆ ಹೊತ್ತಿಗೆ ಸಂಬಳ ಕೊಡಬೇಕು ಅಂತ ಕಡ್ಡಾಯ ಇಲ್ಲ, ಅದು ಕಂಪನಿಯ ಇಷ್ಟ. ಅಷ್ಟೇ ಅಲ್ಲ, "ನಿಮ್ಮ ಸ್ಟಾಫನ್ನ ಗವರ್ನರ್ ಆಗೋಕೆ ಹುರಿದುಂಬಿಸಿ" ಅಂತ ಕಂಪನಿಗಳ ಹಿಂದೆ ಬೀಳೋ ಸಂಸ್ಥೆಗಳೇ ಅಲ್ಲಿವೆ. ಅಕೌಂಟೆಂಟು, ಎಚ್‌ಆರ್, ಇಂಜಿನಿಯರ್ ಇಂಥವರನ್ನ ಅವರ ಮಕ್ಕಳೇ ಓದದ ಶಾಲೆಗೂ ಕಳಿಸ್ತಾರೆ.

ಇದನ್ನ ಹಾಗೇ ಎತ್ತಿಕೊಂಡು ಬಂದು ಬಂಗಾರಪೇಟೆಯಲ್ಲಿ ಇಟ್ಟರೆ ನಡೆಯಲ್ಲ. ಯಾಕಂದರೆ ನಮ್ಮ ಕಾಯ್ದೆ ಕುರ್ಚಿಗಳನ್ನ ಆಗಲೇ ಹಂಚಿಬಿಟ್ಟಿದೆ, ಮುಕ್ಕಾಲು ಪಾಲು ಪೋಷಕರಿಗೆ. ಹೊರಗಿನ ಪರಿಣತರಿಗೆ ಉಳಿಯೋ ಜಾಗ ತುಂಬಾ ಚಿಕ್ಕದು, ಮತ್ತು ನನ್ನ ಪ್ರಕಾರ ಹಾಗೇ ಇರಬೇಕು. ಕಂಪನಿ ಮ್ಯಾನೇಜರ್ ಬಂದು ಕೂತರೆ ಚಿಕ್ಕಮ್ಮನಂಥವರು ಬಾಯೇ ಬಿಡಲ್ಲ. ಹಾಗಾಗಿ ನಮ್ಮಲ್ಲಿ ಕಂಪನಿಗಳಿಗೆ ಕೇಳಬೇಕಾಗಿರೋದು "ಶಾಲೆಗೆ ನಿಮ್ಮ ಆಫೀಸರ್ ಕಳಿಸಿ" ಅಂತ ಅಲ್ಲ. "ನಿಮ್ಮ ಲೈನ್ ಮೇಲೆ ನಿಂತಿರೋ ಅಮ್ಮ ಆಗಲೇ ಸದಸ್ಯೆ, ಅವರನ್ನ ಅರ್ಧ ದಿನ ಬಿಡಿ" ಅಂತ.

ಈಗ ಲೆಕ್ಕಕ್ಕೆ ಬರೋಣ, ಇಂಜಿನಿಯರಿಂಗ್ ಓದ್ತಿದ್ದೀವಲ್ಲ. ಕೇಂದ್ರದ ಮಾದರಿ ನಿಯಮಗಳು ತಿಂಗಳಿಗೆ ಒಂದಾದರೂ ಸಭೆ ಆಗಬೇಕು ಅನ್ನುತ್ತವೆ. ಹೋಗಿಬರೋದೂ ಸೇರಿ ಒಂದು ಸಭೆಗೆ 4 ಗಂಟೆ ಹಿಡಿಯಿರಿ. ವರ್ಷಕ್ಕೆ 48 ಗಂಟೆ. 8 ಗಂಟೆಯ ಶಿಫ್ಟ್ ಆದರೆ 6 ಶಿಫ್ಟ್. ವರ್ಷಕ್ಕೆ 300 ದಿನ ಕೆಲಸ ಅಂದರೆ ಇದು ಶೇಕಡ 2. ಬೇಸಿಗೆ ರಜೆ ಕಳೆದರೆ ಇನ್ನೂ ಕಮ್ಮಿ. 20 ದಿನ ಕೆಲಸಕ್ಕೆ 1 ದಿನ ಅನ್ನೋ ಲೆಕ್ಕದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಸಿಗೋ ಸಂಬಳ ಸಹಿತ ರಜೆ ವರ್ಷಕ್ಕೆ 15 ದಿನ. ಅದರಲ್ಲಿ 6 ದಿನ ಎಸ್‌ಡಿಎಂಸಿಗೆ ಹೋದರೆ ಹಬ್ಬ, ಜ್ವರ, ಮದುವೆ, ಸಾವು ಎಲ್ಲದಕ್ಕೂ ಸೇರಿ ಉಳಿಯೋದು 9. ಕಂಪನಿಗೆ ಶೇಕಡ 2 ಆಗಿರೋದು ಅವರಿಗೆ ರಜೆಯ ಶೇಕಡ 40.

ಶೇಕಡ 2 ಅಂದ ಕೂಡಲೇ ನಿಮಗೆ ಸಿಎಸ್‌ಆರ್ ನೆನಪಾಗಿರಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರ್ಕಾರಿ ಶಾಲೆಯ ಗೋಡೆ ಮೇಲೆ ಕಂಪನಿ ಲೋಗೋ, ಸ್ಮಾರ್ಟ್ ಕ್ಲಾಸ್ ಬೋರ್ಡು, ಬ್ಯಾಗ್ ಹಂಚೋ ಫೋಟೋ ಎಲ್ಲಾ ಇದರಿಂದಲೇ. ಕೆಲಸಗಾರರಿಗೆ ಕೊಟ್ಟ ಸಮಯವನ್ನ ಈ ಶೇಕಡ 2ರಲ್ಲಿ ತೋರಿಸಬಹುದಾ? ಆಗಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಕೊಟ್ಟ ವಿವರಣೆ ಸ್ಪಷ್ಟವಾಗಿದೆ. ನೌಕರರನ್ನ ಸಿಎಸ್‌ಆರ್ ಕೆಲಸದಲ್ಲಿ ತೊಡಗಿಸೋದನ್ನ ಪ್ರೋತ್ಸಾಹಿಸಬೇಕು, ಆದರೆ ಅವರ ಪುಕ್ಕಟೆ ಸೇವೆಗೆ ದುಡ್ಡಿನ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಅಂತ ಲೆಕ್ಕ ಹಾಕುವಂತಿಲ್ಲ. ಇಲ್ಲೇ ಸಮಸ್ಯೆ ಅನ್ಸುತ್ತೆ ನಂಗೆ. ಬಣ್ಣ ಹೊಡೆಸಿದರೆ ಬಿಲ್ ಸಿಗುತ್ತೆ, ರಿಪೋರ್ಟಿಗೆ ಫೋಟೋ ಸಿಗುತ್ತೆ. ಚಿಕ್ಕಮ್ಮನಿಗೆ ನಾಲ್ಕು ಗಂಟೆ ಕೊಟ್ಟರೆ ಎರಡೂ ಸಿಗಲ್ಲ. ಬಣ್ಣ ಹೊಡೆಯೋ ಮೊದಲು ನಲ್ಲಿ ರಿಪೇರಿ ಮಾಡಿ ಅಂತ ಹೇಳೋರು ಮಾತ್ರ ಸಿಗ್ತಾರೆ.

"ಲೈನ್ ನಿಲ್ಲುತ್ತೆ" ಅನ್ನೋದು ಕಂಪನಿಯವರ ಮೊದಲನೇ ಉತ್ತರ. ಅದನ್ನ ತಳ್ಳಿಹಾಕೋಕಾಗಲ್ಲ, ಒಂದು ಸ್ಟೇಷನ್ ಖಾಲಿ ಆದರೆ ಹಿಂದೆ ಮುಂದೆ ಎಲ್ಲಾ ಕಾಯಬೇಕು. ಆದರೆ ಟೀ ಬ್ರೇಕಿಗೆ, ಟಾಯ್ಲೆಟ್ಟಿಗೆ ಅಂತ ಬದಲಿ ಆಪರೇಟರ್‌ಗಳನ್ನ ಇಟ್ಟೇ ಇರ್ತಾರೆ. ಲೈನಿಗೆ ತೊಂದರೆ ಆಗೋದು ಹೇಳದೆ ಕೇಳದೆ ತಪ್ಪಿಸಿಕೊಂಡಾಗ. ಒಂದು ವಾರ ಮೊದಲೇ ತಾರೀಕು ಗೊತ್ತಿರೋ ರಜೆಗೆ ಪ್ಲಾನ್ ಮಾಡೋದು ಕಷ್ಟ ಅಲ್ಲ. ಶಿಫ್ಟ್ ಬದಲಾಯಿಸಿದರೆ ರಜೆಯೇ ಬೇಕಾಗದೆ ಇರಬಹುದು. ಇದಕ್ಕೆ ಶಾಲೆ ಕಡೆಯಿಂದಲೂ ಒಂದು ಕೆಲಸ ಆಗಬೇಕು: ಸಭೆಯ ನೋಟಿಸ್ ಹಿಂದಿನ ಸಂಜೆ ಫೋನ್ ಮಾಡಿ ಹೇಳೋದಲ್ಲ, ವಾರ ಮೊದಲೇ ಕಾಗದದಲ್ಲಿ ಕೊಡಬೇಕು, ಸೀಲ್ ಹಾಕಿ. ಕೆಜಿಎಫ್ ಕಡೆ ಮನೆಮಾತು ತಮಿಳಾಗಿರೋ ಪೋಷಕರು ತುಂಬಾ ಜನ. ಅವರಿಗೆ ನಡಾವಳಿಯನ್ನ ಓದಿ ಹೇಳಿದರೂ ಸಾಕು, ಸೈನ್ ಎಲ್ಲಿ ಅಂತ ಬೆರಳಿಡೋ ಬದಲು.

ರಜೆಗೆ ನಮ್ಮ ದೇಶದಲ್ಲೇ ಮಾದರಿ ಇದೆ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಕಾರ್ಖಾನೆ, ಅಂಗಡಿ ಎಲ್ಲದರ ಕೆಲಸಗಾರರಿಗೂ ಸಂಬಳ ಕಡಿಯದೆ ರಜೆ ಕೊಡಬೇಕು, ದಿನಗೂಲಿಯವರಿಗೂ ಸೇರಿ. ಐದು ವರ್ಷಕ್ಕೊಮ್ಮೆ ಬಟನ್ ಒತ್ತೋದಕ್ಕೆ ಸಂಬಳ ಸಹಿತ ರಜೆ ಕೊಡೋ ದೇಶ, ತಿಂಗಳಿಗೊಮ್ಮೆ ಶಾಲೆಯ ಖರ್ಚು ಪರಿಶೀಲಿಸೋ ಸದಸ್ಯೆಗೆ ಕೊಡಲ್ಲ. ಕಾನೂನು ಬರೋವರೆಗೆ ಕಾಯಬೇಕಿಲ್ಲ. ಶಾಲೆಯ ನೋಟಿಸ್ ತೋರಿಸಿದವರಿಗೆ ಅರ್ಧ ದಿನ "ಆನ್ ಡ್ಯೂಟಿ" ಅಂತ ಬರೆಯೋದು ಯಾವ ಕಂಪನಿಯಾದರೂ ನಾಳೆಯಿಂದ ಮಾಡಬಹುದು. ಕೆಜಿಎಫ್‌ನಲ್ಲಿ 1964ರಲ್ಲಿ ಶುರುವಾದ ಬಿಇಎಂಎಲ್‌ನಂಥ ಸರ್ಕಾರಿ ಕಾರ್ಖಾನೆ ಇದೆ, ಇಂಥ ಕಡೆ ಮೊದಲು ಬಂದರೆ ಖಾಸಗಿಯವರನ್ನ ಕೇಳೋದು ಸುಲಭ. ಆದರೆ ಒಂದು ಷರತ್ತು ಮರೀಬಾರದು, ಕಾಂಟ್ರಾಕ್ಟ್ ಕೆಲಸಗಾರರೂ ಇದರಲ್ಲಿ ಸೇರಬೇಕು. ಪರ್ಮನೆಂಟ್ ಸ್ಟಾಫಿಗೆ ಮಾತ್ರ ಅಂದರೆ ಸರ್ಕಾರಿ ಶಾಲೆಗೆ ಮಕ್ಕಳನ್ನ ಕಳಿಸೋರಲ್ಲಿ ಎಷ್ಟು ಜನಕ್ಕೆ ಸಿಗುತ್ತೆ ನೀವೇ ಯೋಚನೆ ಮಾಡಿ.

ಆಫೀಸರ್‌ಗಳಿಗೆ ಏನೂ ಕೆಲಸ ಇಲ್ಲವಾ ಅಂದರೆ, ಇದೆ. ಕುರ್ಚಿ ಮೇಲೆ ಅಲ್ಲ, ಪಕ್ಕದಲ್ಲಿ. ಸಂಪ್ ರಿಪೇರಿ ಎಸ್ಟಿಮೇಟ್ ಸರಿಯಿದೆಯಾ ಅಂತ ಒಬ್ಬ ಸಿವಿಲ್ ಇಂಜಿನಿಯರ್ ಅರ್ಧ ಗಂಟೆಯಲ್ಲಿ ಹೇಳ್ತಾರೆ. ಪಾಸ್‌ಬುಕ್ಕು, ವೋಚರ್ ಓದೋದನ್ನ ಅಕೌಂಟ್ಸ್‌ನವರು ಒಂದು ಭಾನುವಾರ ಕೂತು ಸದಸ್ಯರಿಗೆ ಕಲಿಸಬಹುದು. ಆದರೆ ಕಂಪನಿ ದುಡ್ಡು ಕೊಟ್ಟ ಶಾಲೆಯಲ್ಲಿ ಅದೇ ಕಂಪನಿಯ ಆಫೀಸರ್ ಖರ್ಚಿನ ತೀರ್ಮಾನ ಮಾಡೋ ಹಾಗಾಗಬಾರದು.

ಚಿಕ್ಕಮ್ಮ ಮುಂದಿನ ಸಭೆಗೆ ಹೋದರು. ಕಂಪನಿ ಬಿಟ್ಟಿದ್ದಲ್ಲ, ಜೊತೆಯವರೊಬ್ಬರ ಹತ್ತಿರ ವಾರದ ರಜೆ ಅದಲು ಬದಲು ಮಾಡಿಕೊಂಡರು. ಫೋನಲ್ಲಿ ಹೇಳಿದ್ರು, "ಕೇಳ್ದೆ ಕಣೇ, ನೀರಿಲ್ದೆ ಮಕ್ಳು ಬಾಟ್ಲಿ ವಾಪಸ್ ತರ್ತಾವೆ ಅಂತ. ಇನ್ನಿಬ್ರು ಹೆಂಗಸ್ರೂ ಹೌದು ಹೌದು ಅಂದ್ರು. ಮೇಷ್ಟ್ರು ಬರ್ಕೊಂಡ್ರು. ಪ್ಲಂಬರ್ ಕರೆಸಿ ಎಸ್ಟಿಮೇಟ್ ಹಾಕ್ಸಿ, ಬರೋ ಮೀಟಿಂಗಲ್ಲಿ ನೋಡೋಣ ಅಂದ್ರು."

ಬರೋ ಮೀಟಿಂಗ್ ಮಂಗಳವಾರ ಹನ್ನೊಂದು ಗಂಟೆಗೆ. ಅವರಿಗೆ ಆ ವಾರ ಫಸ್ಟ್ ಶಿಫ್ಟ್. ಅದಕ್ಕೆ ಎಚ್‌ಆರ್‌ಗೆ ಕೊಡೋಕೆ ಕನ್ನಡದಲ್ಲಿ ಒಂದು ಪತ್ರ ಬರೆದುಕೊಟ್ಟಿದ್ದೀನಿ, ಒಂದೇ ಪುಟ. ಸದಸ್ಯತ್ವದ ವಿವರ, ಸಭೆಯ ತಾರೀಕು, ಅರ್ಧ ದಿನ ಆನ್ ಡ್ಯೂಟಿ ಕೊಡಿ ಅನ್ನೋ ಕೋರಿಕೆ, ಬೋನಸ್ ಕಡಿಯಬೇಡಿ ಅಂತ ಒಂದು ಸಾಲು. ಕಾಂಟ್ರಾಕ್ಟರ್‌ಗೂ ಒಂದು ಪ್ರತಿ. ನಮ್ಮ ಕಾಲೇಜಲ್ಲಿ ಕೋಲಾರದ ಕಡೆಯೋರು, ಅಮ್ಮನೋ ಅಣ್ಣನೋ ಎಸ್‌ಡಿಎಂಸಿಯಲ್ಲಿ ಇರೋರು ಖಂಡಿತ ಇದ್ದೀರ. ಪತ್ರದ ಪ್ರತಿ ಸಂಘದ ರೂಮಲ್ಲಿ ಇಟ್ಟಿದ್ದೀನಿ, ಹೆಸರು ಬದಲಾಯಿಸಿಕೊಂಡು ಬಳಸಿ. ಕಾಗುಣಿತ ತಪ್ಪಿದ್ದರೆ ತಿದ್ದಿ, ನಂದು ಇಂಗ್ಲಿಷ್ ಮೀಡಿಯಂ.